ಗೆಳೆಯನಿಗೊಂದು ಪತ್ರ: ಇಂಗ್ಲೆಂಡಿನ ಸ್ವಿಂಡನ್ನಿನಿಂದ, ನಾನು ಹಾಕಿದ ಮತದ ಬಗ್ಗೆ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ ಬಿಡಬೇಕೇ ಎಂಬ ಬ್ರಿಟನ್ನಿನ ಜನಮತಗಣನೆಯ ಸಮಯದಲ್ಲಿ, ಬಿಡಬೇಕೆಂದು ನಾನು ಬರೆದ ಮಾತುಗಳಿಗೆ ಇಷ್ಟು ವರ್ಷಗಳ ಮೇಲೂ ಬದ್ಧನಾಗಿದ್ದೇನೆಯೇ ಎಂದು ಕೇಳಿದ್ದೀಯೆ. ಹಾಗೆ ಕೇಳುವ ಹಕ್ಕು ನಿನಗಿದೆ, ಏಕೆಂದರೆ ಆ ಬರಹವನ್ನು ಅಂಕೋಲೆಯಿಂದ ಕಾರವಾರದವರೆಗೆ ಗೊತ್ತಿದ್ದವರಿಗೆಲ್ಲ ಓದಿಸಿದವನು ನೀನೇ. ಅಂದು ಹತ್ತು ಜನರೆದುರು ಹೇಳಿದ್ದಕ್ಕೆ ಇಂದು ನಿನ್ನ ಕಿವಿಯಲ್ಲಷ್ಟೇ ಉತ್ತರ ಹೇಳುವುದು ಸರಿಯಲ್ಲವೆನಿಸಿದ್ದರಿಂದ ಈ ಪತ್ರವನ್ನೂ ಎಲ್ಲರಿಗೆ ಕಾಣುವಂತೆಯೇ ಬರೆಯುತ್ತಿದ್ದೇನೆ. ನಡುವೆ ಎಲ್ಲಾದರೂ ಮೂರೂವರೆಯ ಬಸ್ಸೋ ಮಾಸ್ತರರ ಛತ್ರಿಯೋ ಬಂದರೆ ಉಳಿದವರು ಮನ್ನಿಸಬೇಕು. ಅದು ನಮ್ಮಿಬ್ಬರ ಹಳೆಯ ಲೆಕ್ಕ.

2016ರ ಜೂನ್ 23ರಂದು ಮತ ಹಾಕುವ ಹಕ್ಕು ಯಾರಿಗಿತ್ತು ಎಂಬುದನ್ನು ಮೊದಲು ಹೇಳಬೇಕು. ಬ್ರಿಟಿಷ್ ಮತ್ತು ಐರಿಷ್ ಪ್ರಜೆಗಳ ಜೊತೆಗೆ, ಬ್ರಿಟನ್ನಿನಲ್ಲಿ ವಾಸವಾಗಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಆ ಹಕ್ಕಿತ್ತು. ಹೀಗಾಗಿ 2007ರಲ್ಲಿ ಭಾರತದ ಪಾಸ್‌ಪೋರ್ಟ್ ಹಿಡಿದು ಬಂದು, ಅದನ್ನೇ ಇಟ್ಟುಕೊಂಡಿದ್ದ ನನಗೆ ಮತವಿತ್ತು. ಅದೇ ಬೀದಿಯಲ್ಲಿ ನನಗಿಂತ ಮೊದಲಿನಿಂದಲೂ ದುಡಿದು ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನವರಿಗೆ, ಇಟಲಿಯವರಿಗೆ ಇರಲಿಲ್ಲ. ಐರೋಪ್ಯ ಒಕ್ಕೂಟದ ಬೇರೆ ದೇಶಗಳವರ ಪೈಕಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟರೆ ಯಾರಿಗೂ ಆ ಚೀಟಿ ಸಿಗಲಿಲ್ಲ. ಯಾರ ನೆಲೆ ಅಲುಗಾಡಲಿತ್ತೋ ಅವರನ್ನು ಹೊರಗೆ ನಿಲ್ಲಿಸಿ ನಾವು ಒಳಗೆ ತೀರ್ಮಾನ ಮಾಡಿದೆವು.

ನನ್ನ ಪಕ್ಕದ ಮನೆಯವರೂ ಹಾಗೆ ಹೊರಗೆ ನಿಂತವರು. ಅವರು ಗೋವೆಯ ಕಾಣಕೋಣದವರು, ಅಂದರೆ ನಮ್ಮ ಕಾಳಿ ನದಿ ದಾಟಿ ಮಾಜಾಳಿ ಕಳೆದರೆ ಸಿಗುವ ಊರಿನವರು. ಗೋವೆ 1961ರ ಡಿಸೆಂಬರಿನವರೆಗೂ ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದುದರಿಂದ, ಅದಕ್ಕೆ ಮೊದಲು ಅಲ್ಲಿ ಹುಟ್ಟಿದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಪೋರ್ಚುಗಲ್ಲಿನ ಪೌರತ್ವ ಪಡೆಯಬಹುದು. ಹಾಗೆ ಪಡೆದು, ಭಾರತದ ಪಾಸ್‌ಪೋರ್ಟನ್ನು ಮರಳಿಸಿ, ಐರೋಪ್ಯ ಒಕ್ಕೂಟದ ಪ್ರಜೆಗಳಾಗಿ ಬಂದ ಗೋವೆಯವರು ಈ ಸ್ವಿಂಡನ್ನಿನಲ್ಲಿ ಸಾವಿರಗಟ್ಟಲೆ ಇದ್ದಾರೆ. ಪಕ್ಕದ ಮನೆಯಾಕೆಯನ್ನು ನಾನು ಬಾಯಿ ಎಂದು ಕರೆಯುತ್ತೇನೆ. ಬಾಯಿಯವರು ಆಸ್ಪತ್ರೆಯೊಂದರಲ್ಲಿ ಶುಚಿತ್ವದ ಕೆಲಸಕ್ಕಿದ್ದಾರೆ. ನನಗೆ ಕೊಂಕಣಿ ಬರುವುದರಿಂದ ಬೇಲಿಯ ಮೇಲಿನಿಂದಲೇ ಮಾತು, ಸಾರು, ಸೋಲಕಡಿ ಎಲ್ಲ ಆಚೀಚೆ ಆಗುತ್ತಿತ್ತು. ಒಂದೇ ಕರಾವಳಿಯ ಇಬ್ಬರು ನಾವು. ನನ್ನ ಪಾಸ್‌ಪೋರ್ಟ್ ನೀಲಿ, ಅವರದು ಕಡುಗೆಂಪು.

ಆಗಿನ ಚರ್ಚೆ ನಿನಗೆ ನೆನಪಿರಬೇಕು. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಬರೆದ ಕೆಂಪು ಬಸ್ಸು ಊರೂರು ತಿರುಗಿತು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹೇಳಿದ ಮೊತ್ತ ಅದು, ಜನರ ದಾರಿ ತಪ್ಪಿಸುತ್ತದೆ ಎಂದು ದೇಶದ ಅಂಕಿಅಂಶ ಪ್ರಾಧಿಕಾರವೇ ಎಚ್ಚರಿಸಿದರೂ ಬಸ್ಸು ನಿಲ್ಲಲಿಲ್ಲ. ಉಳಿಯಬೇಕೆನ್ನುವ ಸರ್ಕಾರವಾದರೂ ಹೊರಬಿದ್ದರೆ ಮನೆಯೊಂದಕ್ಕೆ ವರ್ಷಕ್ಕೆ 4,300 ಪೌಂಡ್ ನಷ್ಟವೆಂದು ಹೆದರಿಸಿತೇ ಹೊರತು, ಒಕ್ಕೂಟದಲ್ಲಿರುವುದರಿಂದ ಸಾಮಾನ್ಯನೊಬ್ಬನ ಬದುಕಿನಲ್ಲಿ ಏನು ಒಳಿತಾಗಿದೆ ಎಂದು ಪ್ರೀತಿಯಿಂದ ಹೇಳಿದವರನ್ನು ನಾನು ಕಾಣಲಿಲ್ಲ. ಜೂನ್ 16ರಂದು ಸಂಸದೆ ಜೋ ಕಾಕ್ಸ್ ಅವರನ್ನು ನಡುಬೀದಿಯಲ್ಲಿ ಕೊಂದಾಗ ಎರಡೂ ಪಕ್ಷದವರು ಪ್ರಚಾರ ನಿಲ್ಲಿಸಿ ಮೌನವಾದರು. ಕೆಲವೇ ದಿನಗಳಲ್ಲಿ ಅದೇ ಗದ್ದಲ ಮತ್ತೆ ಶುರುವಾಯಿತು.

ನಮ್ಮಂಥವರಿಗಾಗಿ ಬೇರೆಯದೇ ವಾದವೊಂದಿತ್ತು. ಐರೋಪ್ಯರು ವೀಸಾ ಇಲ್ಲದೆ ಬರುತ್ತಾರೆ, ನಿಮಗೆ ಮಾತ್ರ ನೂರೆಂಟು ಅಡ್ಡಿ; ಒಕ್ಕೂಟ ಬಿಟ್ಟರೆ ಎಲ್ಲರಿಗೂ ಒಂದೇ ಅಳತೆ ಎಂಬುದು ಅದರ ಸಾರ. ಒಕ್ಕೂಟ ಬಿಟ್ಟರೆ ದಕ್ಷಿಣ ಏಷ್ಯಾದಿಂದ ಅಡುಗೆಯವರನ್ನು ಕರೆಸಿ ಇಲ್ಲಿನ ಕರಿ ಹೋಟೆಲುಗಳನ್ನು ಉಳಿಸಬಹುದೆಂದು ಅಂದಿನ ಸಚಿವೆ ಪ್ರೀತಿ ಪಟೇಲ್ ಹೇಳುತ್ತಿದ್ದರು. ಆ ವರ್ಷದ ಏಪ್ರಿಲ್‌ನಿಂದಷ್ಟೇ, ಕೆಲಸದ ವೀಸಾದಲ್ಲಿ ಬಂದ ನಮ್ಮವರು ಇಲ್ಲಿ ಕಾಯಂ ಆಗಬೇಕಾದರೆ ಸಾಮಾನ್ಯವಾಗಿ ವರ್ಷಕ್ಕೆ 35,000 ಪೌಂಡ್ ಸಂಬಳವಿರಬೇಕೆಂಬ ನಿಯಮ ಬಂದಿತ್ತು. ಇದನ್ನೆಲ್ಲ ಒಟ್ಟುಗೂಡಿಸಿ ನಾನು ಸಮಾನತೆಯ ಹೆಸರಿನಲ್ಲಿ ಬರೆದೆ, ನೀನು ಹಂಚಿದೆ. ಆ ವಾದದಲ್ಲಿ ಸತ್ಯವಿರಲಿಲ್ಲವೆಂದು ಈಗಲೂ ಹೇಳಲಾರೆ. ನಮ್ಮವರು ಬಹಳ ಮಂದಿಯಿರುವ ಸ್ಲೌ, ಲೂಟನ್ ಎರಡೂ ಬಿಡಬೇಕೆಂದೇ ಹೇಳಿದವು. ಲೆಸ್ಟರ್ ಕೂದಲೆಳೆಯಲ್ಲಿ ಉಳಿಯಬೇಕೆಂದಿತು.

ಆದರೆ ಗೆಳೆಯಾ, ನಾನು ಮತ ಹಾಕಿದ್ದು ಆ ವಾದಕ್ಕಾಗಿ ಅಲ್ಲ.

2015ರ ಅಕ್ಟೋಬರಿನಲ್ಲಿ ಪಕ್ಕದ ಮನೆಗೆ ಅವರ ತಾಯಿ ಬಂದರು. ಒಕ್ಕೂಟದ ಪ್ರಜೆಯೊಬ್ಬರು ಇಲ್ಲಿ ದುಡಿಯುತ್ತಿದ್ದರೆ ತಮ್ಮನ್ನು ನೆಚ್ಚಿಕೊಂಡ ತಂದೆತಾಯಿಯನ್ನು ಕರೆಸಿಕೊಳ್ಳಲು ಆಗ ದೊಡ್ಡ ಅಡ್ಡಿಯೇನೂ ಇರಲಿಲ್ಲ. ಅಜ್ಜಿಯೂ ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಪಡೆದವರಾಗಿದ್ದರಿಂದ ವಿಮಾನ ನಿಲ್ದಾಣದಲ್ಲಿ ಅದನ್ನು ತೋರಿಸಿ ನಡೆದುಬಂದರು. ಬಿಸಿಲು ಬಿದ್ದ ದಿನ ಹಿತ್ತಿಲಿನಲ್ಲಿ ಕುರ್ಚಿ ಹಾಕಿಕೊಂಡು, ಊರಿನಿಂದ ತಂದ ಮುರುಗಲ ಸಿಪ್ಪೆಯನ್ನು ಮೊರದಲ್ಲಿ ಹರಡಿ, ಒಂದೊಂದನ್ನೇ ಮಗುಚಿ ಹಾಕುತ್ತ ಕೂರುತ್ತಿದ್ದರು. ಮಗಳು ಕೆಲಸ ಮುಗಿಸಿ ಬಂದವರೇ ಬಾಗಿಲಿನಿಂದ "ಆಯೀ" ಎಂದು ಕೂಗುತ್ತಿದ್ದರು. ನಾನು ನನ್ನ ಅಡುಗೆಮನೆಯಲ್ಲಿ ನಿಂತಲ್ಲೇ ತಿರುಗಿ ನೋಡುತ್ತಿದ್ದೆ. ಅದೇ ಶಬ್ದ, ಅದೇ ಎಳೆತ. ಆದರೆ ನನ್ನ ಆಯಿ ಅಂಕೋಲೆಯಲ್ಲಿ, ತಿಂಗಳ ಸಂಬಳಕ್ಕೆ ಇಟ್ಟ ಹೆಂಗಸಿನ ಕೈಯಲ್ಲಿ ಗಂಜಿ ಕುಡಿಯುತ್ತಿದ್ದಳು.

ಅವಳನ್ನು ಕರೆತರಲು ನಾನೇಕೆ ಯತ್ನಿಸಲಿಲ್ಲವೆಂದು ನೀನೊಮ್ಮೆ ಸಿಟ್ಟಿನಿಂದ ಕೇಳಿದ್ದೆ. ಯತ್ನಿಸಿದ್ದೆ. 2013ರಲ್ಲಿ ವಕೀಲರೊಬ್ಬರ ಬಳಿ ಹೋಗಿದ್ದೆ. ವಯಸ್ಸಾದ ತಾಯಿ ದಿನನಿತ್ಯದ ಕೆಲಸಗಳಿಗೂ ಬೇರೆಯವರ ನೆರವು ಬೇಕಾಗುವಷ್ಟು ಅಶಕ್ತಳಾಗಿರಬೇಕು; ಅಷ್ಟೇ ಅಲ್ಲ, ಮಗ ಹಣ ಕಳಿಸಿದರೂ ಊರಿನಲ್ಲಿ ಆ ಆರೈಕೆ ಸಿಗುವಂತಿರಬಾರದು ಎಂಬುದು ನಿಯಮ. ನಾನು ಹಣ ಕಳಿಸುತ್ತಿದ್ದೆ, ಆರೈಕೆಗೆ ಹೆಂಗಸು ಸಿಕ್ಕಿದ್ದಳು, ಆದ್ದರಿಂದ ಆಯಿ ಬರುವಂತಿರಲಿಲ್ಲ. ಅರ್ಜಿ ಹಾಕಿ ದುಡ್ಡು ಕಳೆದುಕೊಳ್ಳಬೇಡಿ ಎಂದು ವಕೀಲರು ಬರೆದು ಕಳಿಸಿದರು.

ಈಗ ಬೇಲಿಯಾಚೆ ನೋಡುತ್ತಿದ್ದಾಗ ನನ್ನ ಎದೆಯಲ್ಲಿ ಏನು ಬೆಳೆಯಿತೆಂದು ನೀನೇ ಊಹಿಸು. ಅದಕ್ಕೆ ನಾನು ಸಮಾನತೆ ಎಂದು ಹೆಸರಿಟ್ಟೆ. ಅದು ಹೊಟ್ಟೆಕಿಚ್ಚು.

ಮತದಾನದ ದಿನ ಬೆಳಿಗ್ಗೆ ಬಾಯಿಯವರು ಗೇಟಿನ ಬಳಿ ಸಿಕ್ಕರು. "ನಿಮಗೆ ವೋಟು ಇದೆಯಂತೆ. ನಮಗಿಲ್ಲ. ನಮ್ಮದನ್ನೂ ಸೇರಿಸಿ ಹಾಕಿ" ಎಂದರು. ನಾನು ತಲೆಯಾಡಿಸಿದೆ. ಮತಗಟ್ಟೆಯ ಮರದ ಗೂಡಿನಲ್ಲಿ ದಾರಕ್ಕೆ ಕಟ್ಟಿದ ಮೊಂಡು ಪೆನ್ಸಿಲೊಂದು ತೂಗುತ್ತಿತ್ತು. ಚೀಟಿಯಲ್ಲಿ ಒಂದೇ ಪ್ರಶ್ನೆ, ಎರಡೇ ಚೌಕ: ಒಕ್ಕೂಟದಲ್ಲಿ ಉಳಿಯಬೇಕೇ, ಒಕ್ಕೂಟವನ್ನು ತೊರೆಯಬೇಕೇ. ನಲವತ್ತಮೂರು ವರ್ಷಗಳ ಸಂಬಂಧವೊಂದನ್ನು, ಅದರ ಸುಂಕ, ಮೀನುಗಾರಿಕೆ, ಐರ್ಲೆಂಡಿನ ಗಡಿ, ಲಕ್ಷಾಂತರ ಜನರ ನೆಲೆ ಎಲ್ಲವನ್ನೂ ಒಳಗಿಟ್ಟುಕೊಂಡ ಪ್ರಶ್ನೆಯದು. ನನ್ನ ಕಣ್ಣ ಮುಂದೆ ಇದ್ದುದು ಮಾತ್ರ ಮುರುಗಲ ಸಿಪ್ಪೆಯ ಮೊರ. ಎರಡನೆಯ ಚೌಕದಲ್ಲಿ ಗುರುತು ಹಾಕಿದೆ. ಪೆನ್ಸಿಲ್ ಕಾಗದಕ್ಕೆ ಒತ್ತಿದ ಸದ್ದು ನನಗೆ ಕೇಳಿಸಿತು.

ಮರುದಿನ ಬೆಳಗಿಗೆ ದೇಶ ಶೇ 51.9ರಷ್ಟು ಮತಗಳಿಂದ ಹೊರಹೋಗಲು ನಿರ್ಧರಿಸಿತ್ತು. ಸ್ವಿಂಡನ್ನಿನಲ್ಲಿ ಆ ಪ್ರಮಾಣ ಶೇ 54.7. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಉಳಿಯಬೇಕೆಂದಿದ್ದವು. ಪ್ರಧಾನಿ ಡೇವಿಡ್ ಕ್ಯಾಮರಾನ್ ಮನೆಬಾಗಿಲಲ್ಲಿ ನಿಂತು ರಾಜೀನಾಮೆ ಘೋಷಿಸಿದರು. ಬಾಯಿಯವರು ಎಂದಿನಂತೆ ಕೆಲಸಕ್ಕೆ ಹೊರಟಿದ್ದರು, ನನ್ನನ್ನು ಕಂಡು, "ನೀವೊಬ್ಬರು ಹಾಕಿ ಏನು ಪ್ರಯೋಜನ ಆಯಿತು, ಬಿಡಿ" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಆಯಿ ಹೋದದ್ದು 2019ರ ಫೆಬ್ರುವರಿಯಲ್ಲಿ. ಅದೇ ತಿಂಗಳು ಇಲ್ಲಿನ ಹೋಂಡಾ ಕಾರ್ಖಾನೆ ಮುಚ್ಚುವ ಸುದ್ದಿ ಬಂದು ಊರೆಲ್ಲ ಅದೇ ಮಾತಾಗಿತ್ತು. ಕಂಪನಿ ಇದಕ್ಕೆ ಬ್ರೆಕ್ಸಿಟ್, ಅಂದರೆ ಒಕ್ಕೂಟ ಬಿಡುವ ತೀರ್ಮಾನ, ಕಾರಣವಲ್ಲವೆಂದಿತು, ಊರು ನಂಬಲಿಲ್ಲ. ನಾನು ಊರು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಯಿಗೆ ಹೆಗಲು ಕೊಟ್ಟವನು ನೀನು. ಆ ಮಾತು ಇಷ್ಟಕ್ಕೇ ಸಾಕು.

ಅದೇ ವರ್ಷದ ಜುಲೈಯಲ್ಲಿ ಬಾಯಿಯವರು ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಒಕ್ಕೂಟದ ಪ್ರಜೆಗಳೆಲ್ಲ ಇಲ್ಲಿ ಉಳಿಯಲು ಹೊಸದಾಗಿ ಅರ್ಜಿ ಹಾಕಬೇಕಿತ್ತು, ಅದರ ಆ್ಯಪ್ ಆಗಿನ್ನೂ ಆ್ಯಂಡ್ರಾಯ್ಡ್ ಫೋನಿನಲ್ಲಷ್ಟೇ ನಡೆಯುತ್ತಿತ್ತು, ಅವರ ಬಳಿ ಇದ್ದುದು ಐಫೋನ್. ನನ್ನ ಊಟದ ಮೇಜಿನ ಮೇಲೆ ಅಜ್ಜಿಯ ಪಾಸ್‌ಪೋರ್ಟ್ ಇಟ್ಟು, ಅದರ ಚಿಪ್ ಸಿಗುವವರೆಗೆ ಫೋನನ್ನು ಮೇಲಿಟ್ಟು ಆಚೀಚೆ ಸರಿಸಿದೆ. ಆಮೇಲೆ ಮುಖ ತೋರಿಸಬೇಕು. ಅಜ್ಜಿ ಸೆರಗು ಸರಿಪಡಿಸಿಕೊಂಡು, ಫೋಟೊ ಸ್ಟುಡಿಯೋದಲ್ಲಿ ಕೂತಂತೆ ನೆಟ್ಟಗೆ ಕೂತರು. "ನಾಲ್ಕು ವರ್ಷ ಇಲ್ಲೇ ಇದ್ದೇನಲ್ಲ ಮಗಾ, ಈಗ ಯಾಕೆ ಕೇಳುತ್ತಾರೆ?" ಎಂದರು. ನನಗೆ ಉತ್ತರ ಗೊತ್ತಿತ್ತು. ಐದು ವರ್ಷ ತುಂಬದ್ದರಿಂದ ಅವರಿಗೆ ತಾತ್ಕಾಲಿಕ ನೆಲೆಯಷ್ಟೇ ಸಿಕ್ಕಿತು, ಮುಂದೆ ಮತ್ತೊಮ್ಮೆ ಅರ್ಜಿ ಹಾಕಬೇಕಾಯಿತು. ಕೈಯಲ್ಲಿ ಹಿಡಿಯಲು ಕಾರ್ಡೂ ಇಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಅಜ್ಜಿ ಕಾಗದ ಬೇಕೇಬೇಕೆಂದು ಹಟ ಹಿಡಿದಾಗ ಮಿಂಚಂಚೆಯನ್ನು ಮುದ್ರಿಸಿ ಕೊಟ್ಟೆ. ನಾಲ್ಕಾಗಿ ಮಡಿಸಿ, ಊರಿನ ಮಲ್ಲಿಕಾರ್ಜುನ ದೇವರ ಪಟದ ಹಿಂದೆ ಇಟ್ಟುಕೊಂಡರು.

ಇಷ್ಟು ವರ್ಷ ಇದನ್ನು ಹೇಗೋ ಹೊತ್ತುಕೊಂಡಿದ್ದೆ. ಮೊನ್ನೆ ಹಳೆಯ ಕಾಗದಗಳನ್ನು ವಿಂಗಡಿಸುವಾಗ ವಕೀಲರ ಆ ಪತ್ರ ಸಿಕ್ಕಿತು. ಅದರಲ್ಲಿ ಎರಡು ವಿಷಯಗಳಿದ್ದವು. ಒಕ್ಕೂಟದ ಪ್ರಜೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲವೆಂಬುದು ಒಂದು. ಅದು ನನಗೆ ಬಾಯಿಪಾಠವಾಗಿತ್ತು. ಇನ್ನೊಂದನ್ನು ನಾನು ಓದಿಯೂ ಓದಿರಲಿಲ್ಲ: ಈ ನಿಯಮ ಬಂದದ್ದು 2012ರ ಜುಲೈಯಲ್ಲಿ, ಅದಕ್ಕೆ ಮೊದಲು ಅರವತ್ತೈದು ದಾಟಿದ, ಮಕ್ಕಳನ್ನೇ ನೆಚ್ಚಿಕೊಂಡ ತಂದೆತಾಯಿಗೆ ದಾರಿ ಇಷ್ಟು ಕಿರಿದಾಗಿರಲಿಲ್ಲ. ಅಂದರೆ ನನ್ನ ಆಯಿಯನ್ನು ತಡೆದ ಗೋಡೆಯನ್ನು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಕಟ್ಟಿರಲಿಲ್ಲ. ಅದನ್ನು ಕಟ್ಟಿದ್ದು ಲಂಡನ್. ಹಿಡಿತವನ್ನು ಮರಳಿ ಲಂಡನ್ನಿಗೆ ಕೊಡಿ ಎಂಬ ಘೋಷಣೆಗೆ ಮತ ಹಾಕಿದ ನಾನು, ನನ್ನ ತಾಯಿಗೆ ಬಾಗಿಲು ಮುಚ್ಚಿದ ಕೈಗೇ ಉಳಿದ ಬಾಗಿಲುಗಳ ಕೀಲಿಯನ್ನೂ ಕೊಟ್ಟಿದ್ದೆ. 2021ರಲ್ಲಿ ಎಲ್ಲರಿಗೂ ಒಂದೇ ಅಳತೆಯ ವೀಸಾ ಪದ್ಧತಿ ಬಂದಿತು, ನಮ್ಮ ಹುಡುಗರು ಹುಡುಗಿಯರು ಹೆಚ್ಚು ಸಂಖ್ಯೆಯಲ್ಲಿ ಬಂದರು, ಅದು ನಿಜ. ತಂದೆತಾಯಿಯ ನಿಯಮ ಮಾತ್ರ ಸಡಿಲವಾಗಲಿಲ್ಲ. ಈಗ ಪೋರ್ಚುಗಲ್ಲಿನಿಂದ ಹೊಸದಾಗಿ ಬರುವವರ ತಂದೆತಾಯಿಗೂ ಅದೇ ನಿಯಮ. ನಾನು ಕೇಳಿದ ಸಮಾನತೆ ಆ ರೂಪದಲ್ಲಿ ಬಂದಿತು.

ವ್ಯಾಪಾರದ ಬಗ್ಗೆಯೂ ಕೇಳಿದ್ದೀಯೆ. ನಾನಿರುವ ಗೋದಾಮಿನಿಂದ ಫ್ರಾನ್ಸ್‌ಗೆ ಚೀಸ್ ಹೋಗಬೇಕಾದರೆ ಮೊದಲು ಸರಕಿನ ಪಟ್ಟಿಯೊಂದು ಸಾಕಿತ್ತು. 2021ರ ಜನವರಿಯಿಂದ ಸುಂಕದ ಘೋಷಣೆ ಬೇಕು, ಪ್ರತಿ ರವಾನೆಗೂ ಪಶುವೈದ್ಯರ ಸಹಿಯ ಆರೋಗ್ಯ ಪ್ರಮಾಣಪತ್ರ ಬೇಕು. ಸುಂಕವಿಲ್ಲದ ಒಪ್ಪಂದವೆಂದು ಹೇಳಿದರೂ ಕಾಗದಕ್ಕೆ ತಗಲುವ ಖರ್ಚು ಸಣ್ಣ ವ್ಯಾಪಾರಿಯ ಲಾಭವನ್ನೇ ತಿಂದುಬಿಡುತ್ತದೆ. 2025ರ ಮೇ ತಿಂಗಳಲ್ಲಿ ಎರಡೂ ಕಡೆಯವರು ಕೂತು, ಈ ತಪಾಸಣೆಗಳನ್ನು ಕಡಿಮೆ ಮಾಡುವ ಒಪ್ಪಂದಕ್ಕೆ ಬರೋಣವೆಂದು ತೀರ್ಮಾನಿಸಿದ್ದಾರೆ. ಹಾಗಾದರೆ ಒಳ್ಳೆಯದೇ.

ಈ ಪತ್ರವನ್ನು ಇಷ್ಟು ದೂರ ತರಬೇಕೆಂದುಕೊಂಡಿರಲಿಲ್ಲ. ನಿನಗೆ ಉತ್ತರ ಬರೆಯಲು ಕೂತವನು, ಬಾಯಿಯವರಿಗೆ ಹೇಳಬೇಕಾದುದನ್ನು ನಿನಗೆ ಹೇಳಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ; ಅದು ಗೊತ್ತಿದ್ದೇ ಬರೆದೆ ಎಂಬುದನ್ನೂ ಬಚ್ಚಿಡಲಾರೆ.

ಇರಲಿ. ಹಿತ್ತಿಲಲ್ಲಿ ಬಿಸಿಲು ಬಂದಿದೆ. ಅಜ್ಜಿ ಚೆನ್ನಾಗಿದ್ದಾರೆ, ಕಾಳಿಯ ಹಳೆಯ ಸೇತುವೆ ಕುಸಿದಾಗ ನೀನು ಕಳಿಸಿದ್ದ ವಿಡಿಯೊವನ್ನು ಈಗಲೂ ಆಗಾಗ ಹಾಕಿಸಿಕೊಂಡು ನೋಡುತ್ತಾರೆ. ಈ ಸಲ ಕರಿ ಇಶಾಡ ಮಾವು ಹೇಗಿದೆ, ಬರೆ. ಛತ್ರಿ ನಿನ್ನ ಬಳಿಯೇ ಇರಲಿ, ಮಳೆ ಶುರುವಾಗುವ ಮೊದಲು ಬಂದರೆ ಮೂರೂವರೆಯ ಬಸ್ಸಿಗೇ ಇಳಿಯುತ್ತೇನೆ. ಮತ್ತೊಂದು ಮಾತು: ಅಜ್ಜಿ ಹರೆಯದಲ್ಲಿ ಕಾರವಾರದ ಸಂತೆಗೆ ಬರುತ್ತಿದ್ದವರಂತೆ, ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ತನಗೆ ಬರುತ್ತದೆಂದು ನಿನ್ನೆಯಷ್ಟೇ ಹೇಳಿ, ನನ್ನ ಮೇಜಿನ ಮೇಲಿದ್ದ ನಿನ್ನ ಪತ್ರದ ಲಕೋಟೆಯಿಂದ "ಅಂಕೋಲಾ" ಎಂದು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿ ತೋರಿಸಿದರು.

ನಿನ್ನವನೇ,
ಹಿಂದಿನ ಬೆಂಚಿನವನು