ಗಿನಿಪಿಗ್ ಸೊರಗಿದ್ರ ಎಲ್ಲಿಗಿ ಒಯ್ಯಬೇಕ್ರಿ?

ಸಂಪಾದಕರಿಗೆ ನಮಸ್ಕಾರ್ರಿ,

ಮಗಳು ಸಾಕಿದ ನಾಕು ತಿಂಗಳ ಗಿನಿಪಿಗ್ (ಇಲಿ ಜಾತಿಯ ಸಣ್ಣ ಪ್ರಾಣಿ) ಎರಡೇ ವಾರದಾಗ ಸೊರಗಿ ಹೋತ್ರಿ, ಅಡಿಗಿಮನಿ ತಕ್ಕಡ್ಯಾಗ ಇಟ್ಟು ನೋಡಿದ್ರ 480 ಗ್ರಾಂ ಇದ್ದದ್ದು 410ಕ್ಕ ಬಂದಿತ್ತು, ಕೊತ್ತಂಬರಿ ಮುಂದಿಟ್ರ ಮೂಸಿ ಬಾಯಿಗಿ ಹಚ್ಚಿ ಹಂಗೇ ಬಿಡ್ತಿತ್ತು, ಗದ್ದ ಎಲ್ಲಾ ಜೊಲ್ಲಿನಿಂದ ತೊಯ್ದಿತ್ತು. ಕಲಬುರಗ್ಯಾಗ ಎರಡು ಕಡಿ ಒಯ್ದೆ, ನಾಯಿ ಎಮ್ಮಿ ನೋಡ್ತೀವಿ, ಇದು ಗೊತ್ತಿಲ್ಲ ಅಂದ್ರು. ಕಡೀಕ ಬೀದರ್‌ನ್ಯಾಗ ಒಬ್ಬ ಡಾಕ್ಟರ್ ದವಡಿ ಹಲ್ಲು ಬೆಳೆದು ನಾಲಿಗಿಗಿ ಚುಚ್ಚಲಿಕತ್ತಾವ ಅಂತ ಕಂಡುಹಿಡಿದ್ರು. ಇವುಕ್ಕ ಹಲ್ಲು ಸಾಯೋತನಕ ಬೆಳೀತಾವು, ಅದಕ್ಕ ಅವು ಸವೀಲಿಕ್ಕ ಒಣಹುಲ್ಲು ದಿನಾ ಬೇಕೇಬೇಕು, ವಿಟಮಿನ್ ಸಿ ಮೈಯಾಗ ತಯಾರಾಗಲ್ಲ, ದಪ್ಪಮೆಣಸಿನಕಾಯಿ ಕೊಡಬೇಕು. ಮಾರೋರು ಬರೇ ಕಾಳು ಹಾಕ್ರಿ ಅಂತಾರ! ಒಂದು ದಿನ ತಿನ್ನದಿದ್ರೂ ಜೀವಕ್ಕ ಅಪಾಯ. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದೋರು ನಮ್ಮ ಭಾಗದ ಡಾಕ್ಟರ್‌ಗಳಿಗೆ ಇಂಥ ಸಣ್ಣ ಪ್ರಾಣಿಗಳ ತರಬೇತಿ ಕೊಡ್ಲಿ.

ಒಬ್ಬ ತಾಯಿ, ಕಲಬುರಗಿ