ಶಾಫ್ಟ್ ಸೈಕಲ್ ಮಾರಾಟ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೊಂದು ಪತ್ರ

ತೀರ್ಥಹಳ್ಳಿ

ಮಾನ್ಯ ಸದಸ್ಯರೇ, ಗ್ರಾಹಕರೇ,

ಈ ಸಲದ ಮೃಗಶಿರ ಮಳೆ ಹಿಡಿಯುವುದರೊಳಗೆ ನಮ್ಮ ಸಂಘದ ಅಂಗಡಿಯಲ್ಲಿ ಚೈನಿಲ್ಲದ ಶಾಫ್ಟ್ ಸೈಕಲ್ ಮಾರಾಟ ನಿಲ್ಲುತ್ತದೆ. ಬಾಡಿಗೆಗೂ ಇರುವುದಿಲ್ಲ. ಅದರ ಜಾಗಕ್ಕೆ ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ, ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ 3 ಗೇರ್ ಇರುವ ಸೈಕಲ್ ಬರುತ್ತದೆ. ಶಾಫ್ಟ್ ಸೈಕಲಿಗೆ ಮುಂಗಡ ಕೊಟ್ಟವರು ಹಣ ವಾಪಸ್ ತೆಗೆದುಕೊಳ್ಳಬಹುದು, ಇಲ್ಲವೇ ಹೊಸ ಮಾದರಿಗೆ ಬದಲಿಸಿಕೊಳ್ಳಬಹುದು. ಈಗಾಗಲೇ ಕೊಂಡವರನ್ನು ಕೈಬಿಡುವುದಿಲ್ಲ. ಅವರಿಗೆ ಹೇಳಬೇಕಾದ್ದು ಕೆಳಗೆ ವಿವರವಾಗಿದೆ.

"ಚೈನೇ ಇಲ್ಲ, ತಲೆನೋವೇ ಇಲ್ಲ" ಎಂದು ಹೇಳಿ ಮಾರಿದವರು ನಾವೇ. ಹಾಗಾಗಿ ಯಾಕೆ ಬಿಟ್ಟೆವೆಂದು ಬಿಡಿಸಿ ಹೇಳುವುದೂ ನಮ್ಮ ಕೆಲಸ.

ಶಾಫ್ಟ್ ಸೈಕಲಿನಲ್ಲಿ ಚೈನಿನ ಬದಲು ಒಂದು ಉಕ್ಕಿನ ರಾಡು ಪೆಡಲಿನ ಬಳಿಯಿಂದ ಹಿಂದಿನ ಚಕ್ರದವರೆಗೆ ಕೊಳವೆಯೊಳಗೆ ಹೋಗುತ್ತದೆ. ಅದರ ಎರಡು ತುದಿಯಲ್ಲೂ ಓರೆ ಹಲ್ಲಿನ ಬೆವೆಲ್ ಗೇರ್ ಜೋಡಿ ಇರುತ್ತದೆ. ಪೆಡಲಿನ ತಿರುವು ಮೊದಲ ಜೋಡಿಯಲ್ಲಿ ಅಡ್ಡಕ್ಕೆ ಹೊರಳಿ, ಎರಡನೆಯದರಲ್ಲಿ ಮತ್ತೆ ನೆಟ್ಟಗಾಗಿ ಚಕ್ರ ತಿರುಗಿಸುತ್ತದೆ. ಜೀಪಿನ ಅಡಿಗೆ ಬಗ್ಗಿ ನೋಡಿದವರಿಗೆ ಹೊಸದೇನಲ್ಲ. ಕಲ್ಪನೆಯೂ ಹಳೆಯದೇ: 1890ರ ದಶಕದ ಕೊನೆಗೆ ಅಮೆರಿಕದ ಪೋಪ್ ಕಂಪನಿ ಕೊಲಂಬಿಯಾ ಹೆಸರಿನಲ್ಲಿ ಚೈನಿಲ್ಲದ ಸೈಕಲ್ ಮಾರುತ್ತಿತ್ತು. ಚೈನುಗಳು ಸುಧಾರಿಸಿದಂತೆ, ಅವುಗಳ ಜೊತೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರು ಬಂದಂತೆ ಅದು ಮೂಲೆ ಸೇರಿತು.

ಅದರ ಒಳ್ಳೆಯ ಗುಣಗಳು ಸುಳ್ಳಲ್ಲ. ಪಂಚೆಯ ಅಂಚು, ಚೂಡಿದಾರದ ಕಾಲು ಸಿಕ್ಕಿಕೊಳ್ಳುವುದಿಲ್ಲ, ಬಟ್ಟೆಗೆ ಮಸಿಯಿಲ್ಲ. ಮಕ್ಕಳು ಬೆರಳು ತೂರಿಸಲು ಎಡೆಯಿಲ್ಲ. ಗುಂಡಿಗೆ ಇಳಿದಾಗ ಚೈನ್ ಬೀಳುವ ಕಾಟವಿಲ್ಲ. ಕೆಮ್ಮಣ್ಣಿನ ನೀರು ಸಿಡಿದರೂ ಒರೆಸಿದರೆ ಮುಗಿಯಿತು. ಶಿವಮೊಗ್ಗ ಪೇಟೆಯೊಳಗೆ ಸಮತಟ್ಟಾದ ರಸ್ತೆಯಲ್ಲಿ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಓಡಾಡಿ, ರಾತ್ರಿ ಸೂರಿನಡಿ ನಿಲ್ಲಿಸುವವರಿಗೆ ಇಂದಿಗೂ ಅದು ಒಳ್ಳೆಯ ಸೈಕಲ್ಲೇ.

ತೊಂದರೆ ಏರಿನಲ್ಲಿ. 70 ಕೆಜಿ ತೂಕದವರು ಸೀಟಿನಿಂದ ಎದ್ದು, 170 ಮಿ.ಮೀ. ಉದ್ದದ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ತುದಿಗೆ ಪೂರ್ತಿ ಭಾರ ಹಾಕಿ ತುಳಿಯುತ್ತಾರೆ ಎಂದಿಟ್ಟುಕೊಳ್ಳಿ. 44 ಹಲ್ಲಿನ ಚೈನ್‌ವೀಲಿನ ತ್ರಿಜ್ಯ ಸುಮಾರು 89 ಮಿ.ಮೀ. ಆಗ ಚೈನಿನ ಮೇಲೆ ಬೀಳುವ ಎಳೆತ 70 × 170 ÷ 89, ಅಂದರೆ 134 ಕೆಜಿಯಷ್ಟು. ಮುಂದಿನ ಕೆಲವು ಹಲ್ಲುಗಳಿಗೇ ಹೆಚ್ಚು ಬಿದ್ದರೂ, ಹಂಚಿಕೊಳ್ಳಲು ಅರ್ಧ ಚಕ್ರದ ಹಲ್ಲುಗಳಿವೆ. ಅದೇ ಕಾಲು ಶಾಫ್ಟ್ ಸೈಕಲಿನ ಮೇಲಿದ್ದರೆ? ಪೆಡಲಿನ ಬಳಿಯ ಗೂಡಿನೊಳಗೆ ಹಿಡಿಸುವ ಗೇರಿನ ತ್ರಿಜ್ಯ 40 ಮಿ.ಮೀ. ಇದ್ದರೆ 70 × 170 ÷ 40, ಹತ್ತಿರ ಹತ್ತಿರ 300 ಕೆಜಿ. ಅದನ್ನು ಹೊರುವುದು ಆ ಕ್ಷಣಕ್ಕೆ ಕಚ್ಚಿಕೊಂಡಿರುವ ಒಂದೋ ಎರಡೋ ಹಲ್ಲು. ಗೇರು ದೊಡ್ಡದು ಮಾಡಿದರೆ ಹಲ್ಲಿನ ಮೇಲಿನ ಭಾರ ಇಳಿಯುತ್ತದೆ. ಆದರೆ ಗೂಡೂ ದೊಡ್ಡದಾಗಿ ಕಣಕಾಲಿಗೆ ತಾಗುತ್ತದೆ, ತೂಕವೂ ಏರುತ್ತದೆ.

"ವೀಡ್ ಕಟರಿನಲ್ಲಿ ಶಾಫ್ಟು ವರ್ಷಗಟ್ಟಲೆ ಬರುತ್ತದಲ್ಲ, ಸೈಕಲಿಗೇನು ಬಂತು?" ಎಂದು ಅಡಿಕೆ ತೋಟದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಅದರ ತುದಿಯಲ್ಲಿರುವುದೂ ಬೆವೆಲ್ ಗೇರೇ. ಆದರೆ ಒಂದೂವರೆ ಎಚ್‌ಪಿ ಕಟರ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಶಾಫ್ಟಿನ ಮೇಲಿನ ತಿರುಚುಬಲ ಸುಮಾರು 1.5 ನ್ಯೂಟನ್-ಮೀಟರ್ ಮಾತ್ರ. ಮೇಲೆ ಹೇಳಿದ ಎದ್ದು ತುಳಿಯುವ ಕಾಲಿನದು ಹತ್ತಿರ ಹತ್ತಿರ 117. ಕಾಲಿನ ಶಕ್ತಿ ಇಂಜಿನ್ನಿಗಿಂತ ಎಷ್ಟೋ ಕಡಿಮೆ, ನಿಜ. ಆದರೆ ನಾವು ನಿಮಿಷಕ್ಕೆ 50–60 ಸುತ್ತು ಮಾತ್ರ ತುಳಿಯುವವರು. ಅಷ್ಟು ನಿಧಾನಕ್ಕೆ ತಿರುಗಿದರೆ ಪ್ರತಿ ಸುತ್ತಿನಲ್ಲೂ ಬಲ ಜಾಸ್ತಿ ಬೀಳುತ್ತದೆ. ವೇಗವಾಗಿ ತಿರುಗುವುದಕ್ಕೆ ಶಾಫ್ಟು ಸರಿ. ನಿಧಾನಕ್ಕೆ ಜಗ್ಗುವುದಕ್ಕೆ ಚೈನೇ ಬೇಕು.

ಬೆವೆಲ್ ಗೇರಿಗೆ ಇನ್ನೊಂದು ಹಟವಿದೆ. ಎರಡು ಹಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟು ಸರಿಯಿರಬೇಕು. ಚಕ್ರ ಒಂದು ಮಿ.ಮೀ. ಓರೆಯಾದರೂ ಚೈನು ಹೇಗೋ ಹೊಂದಿಕೊಂಡು ಓಡುತ್ತದೆ, ಗೇರು ಹೊಂದಿಕೊಳ್ಳುವುದಿಲ್ಲ. ಹಿಂದಿನ ನಟ್ಟು ಸಡಿಲವಾದರೆ, ಕ್ಯಾರಿಯರ್ ಮೇಲೆ ಹಿಂಡಿ ಮೂಟೆ ಹೇರಿ ಏರಿದರೆ, ಫ್ರೇಮು ಬಳುಕಿ ಹಲ್ಲುಗಳು ತುದಿಯಲ್ಲಷ್ಟೇ ಕಚ್ಚುತ್ತವೆ. ತುದಿ ಚಕ್ಕೆಯೇಳುತ್ತದೆ. ಆ ಚಕ್ಕೆ ಗ್ರೀಸಿನಲ್ಲಿ ತಿರುಗಾಡಿ ಮಿಕ್ಕ ಹಲ್ಲುಗಳನ್ನೂ ಬೇರಿಂಗನ್ನೂ ಅರೆಯುತ್ತದೆ. ಸಾಮಾನ್ಯವಾಗಿ ಮೊದಲು ಹೋಗುವುದು ಹಿಂದಿನ ಜೋಡಿ.

ಇನ್ನು ಮಳೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಪಕ್ಕದಲ್ಲಿ ಕೂತು "ನೀರು ಹೋಗುವುದಿಲ್ಲ" ಎಂದು ಯಾವ ಸೀಲಿನ ಬಗ್ಗೆಯೂ ಹೇಳಬಾರದು. ಹಳ್ಳ ದಾಟುವಾಗ ಆಕ್ಸಲ್ ಮುಳುಗಿದರೆ, ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ನಿನಿಂದ ತೊಳೆದರೆ, ಸೀಲಿನ ಸಂದಿನಿಂದ ನೀರು ಒಳಗೆ ಸೇರುತ್ತದೆ. ಸೇರಿದ ನೀರು ಹೊರಬರುವುದಿಲ್ಲ. ಗ್ರೀಸು ಕಡೆದ ಮಜ್ಜಿಗೆಯ ಹಾಗೆ ಬೆಳ್ಳಗೆ, ತೆಳ್ಳಗೆ ಆಗಿರುತ್ತದೆ. ಹೊರಗಿನಿಂದ ಸೈಕಲ್ ಫಳಫಳ ಹೊಳೆಯುತ್ತಲೇ ಇರುತ್ತದೆ. ಚೈನಿಗೆ ತುಕ್ಕು ಹಿಡಿದರೆ ಮರುದಿನವೇ ಕಿರುಗುಟ್ಟಿ ಊರಿಗೆಲ್ಲ ಹೇಳುತ್ತದೆ. ಶಾಫ್ಟು ಹೇಳುವಷ್ಟರಲ್ಲಿ ಹಲ್ಲು ಹೋಗಿರುತ್ತದೆ. ನಾವು ಬಿಡಲು ಇದೊಂದೇ ಕಾರಣ ಸಾಕಿತ್ತು.

ತುಳಿತದಲ್ಲಿ ಎಷ್ಟು ಶಕ್ತಿ ಪೋಲಾಗುತ್ತದೆ ಎಂಬ ಚರ್ಚೆಗೆ ಚೈನಿನ ಪರ, ಶಾಫ್ಟಿನ ಪರ ಎರಡೂ ಕಡೆಯವರು ಅತಿಯಾಗಿ ಜೋತುಬಿದ್ದಿದ್ದಾರೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಗೆ ಚೈನನ್ನು ಅಳೆದಾಗ ಅತ್ಯುತ್ತಮ ಸ್ಥಿತಿಯಲ್ಲಿ ಶೇ. 98.6, ಕೆಟ್ಟ ಸ್ಥಿತಿಯಲ್ಲಿ ಶೇ. 81ರಷ್ಟು ಶಕ್ತಿ ಚಕ್ರಕ್ಕೆ ತಲುಪಿತ್ತು. ಶಾಫ್ಟು ಒಳ್ಳೆಯ ಚೈನಿಗಿಂತ ಶೇ. 5ರಷ್ಟು ಹಿಂದೆ ಎಂದುಕೊಂಡರೂ, ಒಂದು ಗಂಟೆಯ ಏರಿಗೆ ಮೂರು ನಿಮಿಷ ಹೆಚ್ಚು ಹಿಡಿದೀತು, ಅಷ್ಟೇ. ಅದಕ್ಕಾಗಿ ಯಾರೂ ಸೈಕಲ್ ಬದಲಿಸಬೇಕಿಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಗೇರಿನ ಅಳತೆಯಲ್ಲಿದೆ. ಮಾಮೂಲಿ 28 ಇಂಚಿನ ಸೈಕಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲು. ಒಂದು ಸುತ್ತು ತುಳಿದರೆ 5.4 ಮೀಟರ್ ಹೋಗುತ್ತದೆ. ಬಯಲುಸೀಮೆಗೆ ಹೇಳಿ ಮಾಡಿಸಿದ್ದು, ನಮ್ಮ ಏರಿಗೆ ಅಲ್ಲ. ಹೊಸ ಸೈಕಲಿಗೆ ಹಿಂದೆ 22 ಹಲ್ಲು ಹಾಕಿಸಿದ್ದೇವೆ: 4.4 ಮೀಟರ್. 3 ಗೇರ್ ಹಬ್ಬಿನ ಕೆಳಗಿನ ಗೇರು ಇನ್ನೂ ಕಾಲುಭಾಗ ಇಳಿಸುತ್ತದೆ: 3.3 ಮೀಟರ್. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇದರಲ್ಲಿ ಕೂತೇ ಹತ್ತುತ್ತೀರಿ ಎಂಬ ಭರವಸೆ ಕೊಡುವುದಿಲ್ಲ, ಮನೆಯಿಂದ ಡಾಂಬರು ರಸ್ತೆಯವರೆಗಿನ ದಿಬ್ಬ ಹತ್ತಬಹುದು. ಹಳೆಯ ಚೈನ್ ಸೈಕಲ್ ಇದ್ದವರೂ ಹಿಂದಿನ ಫ್ರೀವೀಲ್ ಮಾತ್ರ 22ಕ್ಕೆ ಬದಲಿಸಿಕೊಳ್ಳಬಹುದು. ಚೈನಿಗೆ ಸುಮಾರು ಒಂದು ಇಂಚು, ಅಂದರೆ ಒಂದು ಜೋಡಿ ಕೊಂಡಿ ಸೇರಿಸಬೇಕಾಗುತ್ತದೆ. ಶಾಫ್ಟಿನಲ್ಲಿ ಹೀಗೆ ಹಲ್ಲು ಬದಲಿಸುವ ದಾರಿಯೇ ಇಲ್ಲ. ಕಾರ್ಖಾನೆ ಕೊಟ್ಟಿದ್ದೇ ಕೊನೆ. ಡಿರೇಲರ್ ಅಂತೂ ಕೂರುವುದಿಲ್ಲ.

ಬಿಡಿಭಾಗದ ವಿಷಯ ಎರಡೇ ಮಾತು. ಅರ್ಧ ಇಂಚು ಪಿಚ್ಚಿನ (ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚಿನ) ಚೈನು ಯಾವ ಊರಿನ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಬೆವೆಲ್ ಜೋಡಿ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ, ಒಂದು ಹಲ್ಲು ಹೋದರೂ ಎರಡು ಗೇರನ್ನೂ ಒಟ್ಟಿಗೇ ಬದಲಿಸಬೇಕು.

ಪಂಕ್ಚರ್ ಹಾಕುವುದು ಕಷ್ಟ ಎಂದು ಶಾಫ್ಟಿನ ಮೇಲೆ ಹೊರಿಸುವ ಆರೋಪ ಮಾತ್ರ ಅರ್ಧ ಸುಳ್ಳು. ನಮ್ಮ ಕಡೆ ಯಾರು ಪಂಕ್ಚರಿಗೆ ಹಿಂದಿನ ಚಕ್ರ ಬಿಚ್ಚುತ್ತಾರೆ? ಟಯರಿನ ಒಂದು ಮಗ್ಗುಲು ಎಬ್ಬಿಸಿ, ಟ್ಯೂಬು ಹೊರಗೆಳೆದು, ಉಜ್ಜಿ, ಸಲ್ಯೂಷನ್ ಹಚ್ಚಿ ಅಂಟಿಸುವುದೇ ಪದ್ಧತಿ. ಟಯರು ಬದಲಿಸುವಾಗ ಮಾತ್ರ ಶಾಫ್ಟ್ ಸೈಕಲ್ ಕಾಡುತ್ತದೆ. ಚಕ್ರ ಮತ್ತೆ ಕೂರಿಸುವಾಗ ಹಲ್ಲಿನ ಸಂದು ಹೊಸದಾಗಿ ಹೊಂದಿಸಬೇಕು. ಪೂರ್ತಿ ಕವರಿನ ಚೈನ್ ಸೈಕಲಿನಲ್ಲೂ ಆ ಕೆಲಸ ಸಲೀಸಲ್ಲ, ಕವರಿನ ಹಿಂಭಾಗ ಬಿಚ್ಚಬೇಕು.

ಈಗ ಶಾಫ್ಟ್ ಸೈಕಲ್ ಇರುವವರಿಗೆ. ಅದರ ಫ್ರೇಮಿಗೆ ಚೈನ್ ಹಾಕಿಕೊಡಿ ಎಂದು ಕೇಳಬೇಡಿ. ಚೈನ್‌ವೀಲ್ ಕೂರಲು ಜಾಗವಿಲ್ಲ, ಬಲಗಡೆಯ ಕೊಳವೆಯೇ ಶಾಫ್ಟಿನ ಗೂಡು. ವರ್ಷಕ್ಕೆ ಎರಡು ಸಲ, ಮೃಗಶಿರಕ್ಕೆ ಮೊದಲು ಮತ್ತು ಆಶ್ಲೇಷ ಮಳೆ ಮುಗಿದ ಮೇಲೆ, ಸೈಕಲನ್ನು ಅಂಗಡಿಗೆ ತನ್ನಿ. ಎರಡೂ ಗೂಡು ಬಿಚ್ಚಿ, ಹಳೆ ಗ್ರೀಸು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೆಚ್ಚು ಒತ್ತಡ ತಾಳುವ ಇ.ಪಿ. ಲೀಥಿಯಂ ಗ್ರೀಸು ತುಂಬುತ್ತೇವೆ. ಮನೆಯಲ್ಲೇ ಮಾಡಿಕೊಳ್ಳುವವರು ಗೂಡಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಗಿಡಿದು ತುಂಬಿದ ಗ್ರೀಸು ಸೀಲನ್ನೇ ಹೊರದೂಡುತ್ತದೆ, ಆಮೇಲೆ ನೀರಿಗೆ ಬಾಗಿಲು ತೆಗೆದಿಟ್ಟ ಹಾಗೆ. ಮುಚ್ಚುವ ಮೊದಲು ಒಂದು ಗೇರಿನ ಹಲ್ಲುಗಳಿಗೆ ತೆಳ್ಳಗೆ ಬಣ್ಣ ಸವರಿ ನಾಲ್ಕು ಸುತ್ತು ತಿರುಗಿಸಿ. ಇನ್ನೊಂದರ ಹಲ್ಲಿನ ಮಧ್ಯೆ ಗುರುತು ಬಿದ್ದರೆ ಸರಿ. ಅಂಚಿನಲ್ಲಿ ಬಿದ್ದರೆ ವಾಷರ್ ಬದಲಿಸಿ ಹೊಂದಿಸುವ ಕೆಲಸವಿದೆ, ಆಗ ನಮ್ಮಲ್ಲಿಗೇ ತನ್ನಿ.

ತಿಂಗಳಿಗೊಮ್ಮೆ ಇಷ್ಟು ಮಾಡಿ: ಹಿಂದಿನ ಬ್ರೇಕ್ ಒತ್ತಿ ಹಿಡಿದು, ಪೆಡಲನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ, ಬಿಗಿ ಸಿಗುವ ಮೊದಲು ಎಷ್ಟು ಆಡುತ್ತದೆಂದು ನೋಡಿ. ಈ ಆಟದಲ್ಲಿ ಫ್ರೀವೀಲಿನದೂ ಸ್ವಲ್ಪ ಸೇರಿರುವುದರಿಂದ ಇಂತಿಷ್ಟೇ ಎಂಬ ಲೆಕ್ಕವಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿಟ್ಟು ಮುಂದಿನ ತಿಂಗಳು ಹೋಲಿಸಿ. ಹೆಚ್ಚಾಗಿದ್ದರೆ, ಅಥವಾ ಏರಿನಲ್ಲಿ ಒಂದೇ ಲಯದಲ್ಲಿ "ಕಟ್... ಕಟ್..." ಎಂದರೆ, ಅಲ್ಲಿಗೇ ಇಳಿದು ತಳ್ಳಿಕೊಂಡು ಬನ್ನಿ. ನಮ್ಮಲ್ಲಿ ಉಳಿದಿರುವ ಗೇರ್ ಜೋಡಿಗಳನ್ನು ಈಗಾಗಲೇ ಕೊಂಡವರಿಗಷ್ಟೇ, ಕೊಂಡ ಬೆಲೆಗೇ ಕೊಡುತ್ತೇವೆ. ಮುಗಿದ ಮೇಲೆ ತರಿಸುವುದಿಲ್ಲ. ಆಗ ಚಕ್ರ, ಹ್ಯಾಂಡಲ್, ಬ್ರೇಕು, ಸೀಟುಗಳಲ್ಲಿ ಕೂರುವಂಥವನ್ನು ಚೈನ್ ಫ್ರೇಮಿಗೆ ವರ್ಗಾಯಿಸಿ ಕೊಡುತ್ತೇವೆ, ಕೂಲಿ ಬೇಡ.

ಹೊಸ ಸೈಕಲ್ ಕೊಳ್ಳುವವರಿಗೂ ಪುಕ್ಕಟೆ ನೆಮ್ಮದಿ ಇಲ್ಲ. ಚೈನು ಕವರಿನೊಳಗಿದೆ ಎಂದು ಮರೆತರೆ ಕೆಲಸ ಕೆಟ್ಟಿತು. ಕವರಿನ ತೀರ ಕೆಳಗಿನ ಜಾಗದಲ್ಲಿ ನಾವು 6 ಮಿ.ಮೀ. ತೂತು ಕೊರೆದಿದ್ದೇವೆ, ಒಳಸೇರಿದ ನೀರು ಇಳಿದುಹೋಗಲು. ಕೆಸರು ಕಟ್ಟಿದರೆ ಕಡ್ಡಿ ಹಾಕಿ ಬಿಡಿಸಿ. ಆರಿದ್ರೆಯಿಂದ ಆಶ್ಲೇಷದವರೆಗೆ ಎರಡು ವಾರಕ್ಕೊಮ್ಮೆ, ಮಿಕ್ಕ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಕವರಿನ ರಬ್ಬರ್ ಮುಚ್ಚಳ ತೆಗೆದು, ಪೆಡಲ್ ಹಿಂದಕ್ಕೆ ತಿರುಗಿಸುತ್ತ ಚೈನನ್ನು ಬಟ್ಟೆಯಲ್ಲಿ ಒರೆಸಿ, ಪ್ರತಿ ಉರುಳೆಗೆ ಒಂದೊಂದು ಹನಿ ಎಣ್ಣೆ ಬಿಡಿ. ನೂರಹತ್ತರ ಆಸುಪಾಸು ಕೊಂಡಿಗಳಿರುತ್ತವೆ, ಐದು ನಿಮಿಷದ ಕೆಲಸ. ಕಾಲು ಗಂಟೆ ಬಿಟ್ಟು ಹೊರಗೆ ಉಳಿದ ಎಣ್ಣೆಯನ್ನು ಒರೆಸಿಬಿಡಿ, ಎಣ್ಣೆ ಬೇಕಾದ್ದು ಪಿನ್ನಿನ ಒಳಗೆ. ಹೊರಗೆ ಉಳಿದದ್ದು ಮಣ್ಣು ಹಿಡಿದು ಸಾಣೆಕಲ್ಲಾಗುತ್ತದೆ.

ಎಣ್ಣೆ ಯಾವುದು? ಬೈಕಿಗೆ ಹಾಕುವ ಹೊಸ 20ಡಬ್ಲ್ಯೂ-40 ಎಂಜಿನ್ ಆಯಿಲ್ ಮಳೆಗಾಲಕ್ಕೆ ಚೆನ್ನಾಗಿ ನಿಲ್ಲುತ್ತದೆ. ಜೀಪಿನಿಂದ ಇಳಿಸಿದ ಕಪ್ಪು ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಕೊಬ್ಬರಿ ಎಣ್ಣೆ ಖಂಡಿತ ಬೇಡ: ಮಾರ್ಗಶಿರದ ಬೆಳಗಿನ ಚಳಿಗೆ ಅದು ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತದೆ, ಚೈನಿನಲ್ಲಿ ಅಂಟಾಗಿ ಕೂರುತ್ತದೆ.

ಚೈನ್ ಮಧ್ಯದಲ್ಲಿ ಬೆರಳಿಂದ ಎತ್ತಿ ಇಳಿಸಿದರೆ ಅರ್ಧದಿಂದ ಮುಕ್ಕಾಲು ಇಂಚು ಆಡಬೇಕು. ಅದಕ್ಕಿಂತ ಬಿಗಿಯಾದರೆ ಹಬ್ಬಿನ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಕವರಿಗೆ ಬಡಿಯುತ್ತದೆ. ಸವೆತ ನೋಡಲು ಉಕ್ಕಿನ ಅಡಿಕೋಲು ಸಾಕು. ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಹಿಡಿದು 24 ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ ಆ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ದಾಟುವವರೆಗೆ ಬಿಟ್ಟರೆ ಹಲ್ಲುಚಕ್ರಗಳನ್ನೂ ಸೇರಿಸಿ ಬದಲಿಸುವ ಖರ್ಚು ಬರುತ್ತದೆ. ಮೊದಲ ವರ್ಷ ಚೈನ್ ಬದಲಿಸುವ ಕೂಲಿ ನಮ್ಮದು, ಚೈನಿನ ಬೆಲೆ ನಿಮ್ಮದು.

ಬೆಲ್ಟ್ ಸೈಕಲ್ ತರಿಸುತ್ತೀರಾ ಎಂದು ಒಂದಿಬ್ಬರು ಕೇಳಿದ್ದಾರೆ. ಎಣ್ಣೆ ಬೇಡ, ತುಕ್ಕಿಲ್ಲ, ಮಾತು ನಿಜ. ಆದರೆ ಬೆಲ್ಟಿಗೆ ಕೊಂಡಿಯಿಲ್ಲ. ಅದನ್ನು ತೂರಿಸಲು ಫ್ರೇಮಿನ ಹಿಂಭಾಗವೇ ಬಿಚ್ಚಿಕೊಳ್ಳುವಂತಿರಬೇಕು, ತುಂಡಾದರೆ ಅದೇ ಅಳತೆಯದು ತರಿಸಬೇಕು. ಸದ್ಯಕ್ಕಿಲ್ಲ.

ಮುಂಗಡ ವಾಪಸಿಗೆ ರಸೀದಿ ತನ್ನಿ. ಶಾಫ್ಟ್ ಸೈಕಲ್ ತರುವವರು ಹಿಂದಿನ ಗೂಡನ್ನು ಮನೆಯಲ್ಲಿ ಬಿಚ್ಚದೆ ಹಾಗೆಯೇ ತನ್ನಿ. ಗ್ರೀಸಿನ ಬಣ್ಣ ನೋಡಿದರೆ ನಮಗೆ ಅರ್ಧ ವಿಷಯ ತಿಳಿಯುತ್ತದೆ.

ಇಂತಿ,
ಸೈಕಲ್ ಮಾರಾಟ ಮತ್ತು ದುರಸ್ತಿ ವಿಭಾಗ