ಮಲ್ಪೆಯಿಂದ ಮಂಜನಿಗೆ

ಲೋ ಮಂಜ,

ಫೋನ್ ಮಾಡಿದಾಗೆಲ್ಲ ನೀನು ಕೇಳುವುದು ಒಂದೇ, "ಬೀಚು ಹೆಂಗೈತಲೇ?" ಚೆನ್ನಾಗಿದೆ. ಈ ಸಲ ಊರವರೆಲ್ಲ ಓದಲಿ ಅಂತ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ. ಹರಿಹರದ ಛತ್ರಿ ವಿಷಯ ತೆಗೆಯುವುದಿಲ್ಲ, ಹೆದರಬೇಡ.

ರೀಲ್ಸ್ ನೋಡಿಕೊಂಡು "ನಾನೂ ಬಂದುಬಿಡ್ತೀನಿ" ಅಂತೀಯಲ್ಲ, ಮೊದಲು ಇದನ್ನು ಕೇಳು. ದಾವಣಗೆರೆಯಲ್ಲಿ 39 ಡಿಗ್ರಿ ಇದ್ದರೂ ಒಗೆದ ಬಟ್ಟೆ ಬೇಗ ಒಣಗುತ್ತದೆ. ಇಲ್ಲಿ 34ಕ್ಕೇ ಮನುಷ್ಯ ಒಣಗುವುದಿಲ್ಲ. ಜೂನ್ ಬಂತೆಂದರೆ ಬಿಸಿಲೂ ಇಲ್ಲ. ಉಡುಪಿಗೆ ವರ್ಷಕ್ಕೆ 4,000 ಮಿ.ಮೀ. ದಾಟಿ ಮಳೆ, ನಮ್ಮ ಕಡೆ 650 ಬಂದರೆ ಪುಣ್ಯ. ನಿನ್ನ ಮದುವೆಗೆ ಅಂತ ತಗೊಂಡ ಬೆಲ್ಟಿಗೆ ಹಸಿರು ಬೂಸ್ಟು ಹಿಡಿದು, ಅದು ಈಗ ತೋಟಗಾರಿಕೆ ಇಲಾಖೆಗೆ ಸೇರಿದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಎಲ್ಲ ಬಂದರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಲಾಗದು. ಆ ದ್ವೀಪದ ಕಂಬದಂಥ ಕಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಅಂದರೆ ಈ ಕರಾವಳಿಯನ್ನು ಬಿಟ್ಟು ಹೋಗುವ ಚಟ ಆಗಿನಿಂದಲೇ ಉಂಟು. ಆಮೇಲೆ ಮುಂಬೈಗೆ ಹೋದರು, ಗಲ್ಫಿಗೆ ಹೋದರು.

ನನಗೆ ಮನೆ ಸಿಕ್ಕಿದ್ದೂ ಹಾಗೆಯೇ. ಮೇಲಿನ ಕೋಣೆ ಮನೆಯವರು ತಮ್ಮ ಮಗನಿಗೆ ಅಂತ ಕಟ್ಟಿಸಿದ್ದು, ಮಗ ದುಬೈಯಲ್ಲಿ, ಅವನ ಕ್ರಿಕೆಟ್ ಬ್ಯಾಟು ಇನ್ನೂ ಕಪಾಟಿನಲ್ಲಿದೆ. ಬಾಡಿಗೆ ಬೆಂಗಳೂರಿನ ಅರ್ಧವೂ ಇಲ್ಲ, ಬಾವಿ ನೀರು ಬೇರೆ. ಬೆಳಿಗ್ಗೆ ಮೀನಿನವನು ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತಾ ಬಂದರೆ ಮನೆಯ ಅಮ್ಮ ಬಂಗುಡೆಯ ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ಸರಿ, ಇಲ್ಲದಿದ್ದರೆ ಅವನಿಗೆ ತುಳುವಿನಲ್ಲಿ ಮಂಗಳಾರತಿ. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ, "ನಿನಗೆ ಸೌತೆಕಾಯಿ ಸಾಂಬಾರು ಉಂಟು ಮಗಾ."

ಅಮ್ಮನಿಗೆ ಮೊನ್ನೆ ಕಣ್ಣಿನ ಪೊರೆ ತೆಗೆಸಿದರು. ಡ್ರಾಪ್ಸ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ತಲೆ ಹಿಂದಕ್ಕೆ ಒರಗಿಸಿ, ಕೆಳಗಿನ ರೆಪ್ಪೆ ಸ್ವಲ್ಪ ಎಳೆದು, ಬಾಟಲಿಯ ತುದಿ ತಾಗದ ಹಾಗೆ ಒಂದೇ ಹನಿ. ಎರಡನೆಯ ಔಷಧಿಗೆ ಐದು ನಿಮಿಷ ಬಿಡಬೇಕು. ಆ ಐದು ನಿಮಿಷ ಅವರು ಕಣ್ಣು ಮುಚ್ಚಿಕೊಂಡೇ ಮಗನ ಕತೆ ಹೇಳುತ್ತಾರೆ. ನಿನ್ನೆ ಆ ಮಗ ವೀಡಿಯೊ ಕಾಲ್‌ನಲ್ಲಿ ಬಂದು, "ನೀವಿದ್ದೀರಲ್ಲ, ನಮಗೆ ನಿಶ್ಚಿಂತೆ" ಅಂದ. ಅಯ್ಯೋ, ಅದೇನು ಮಹಾ ಅಂದೆ.

ಹೋದ ವರ್ಷ ಊರಲ್ಲಿ ನಮ್ಮ ಅವ್ವನ ಕಣ್ಣಿನ ಆಪರೇಷನ್ ಆದಾಗ ಡ್ರಾಪ್ಸ್ ಹಾಕಿದ್ದು ನಿನ್ನ ಹೆಂಡತಿ. ಫೋನಿನಲ್ಲಿ ನಾನೂ ಇದನ್ನೇ ಹೇಳಿದ್ದೆ, ನೀವಿದ್ದೀರಲ್ಲ, ನಿಶ್ಚಿಂತೆ ಅಂತ. ಸುಮ್ನೆ ಹೇಳಿದ್ದಲ್ಲ ಕಣೋ, ನಿಜವಾಗಿಯೂ ನಿಶ್ಚಿಂತೆಯಾಗಿಯೇ ಇದ್ದೆ. ನಿನ್ನೆ ರಾತ್ರಿ ಮಲಗಿ ಅವ್ವನಿಗೆ ಆಪರೇಷನ್ ಆದದ್ದು ಎಡಗಣ್ಣಿಗಾ ಬಲಗಣ್ಣಿಗಾ ಅಂತ ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ನಿನ್ನನ್ನು ಕೇಳಲು ನಾಚಿಕೆ, ಅವ್ವನನ್ನು ಕೇಳಲು ಇನ್ನೂ ಜಾಸ್ತಿ ನಾಚಿಕೆ. ಇಲ್ಲಿಗೆ ಕರೆದರೆ "ನಿಮ್ಮ ಕೆಂಪಕ್ಕಿ ನನ್ನ ಗಂಟಲಲ್ಲಿ ಇಳಿಯಂಗಿಲ್ಲ" ಅನ್ನುತ್ತಾಳೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಆದರೆ ನಾನು ಗಟ್ಟಿಯಾಗಿ ಕರೆದೂ ಇಲ್ಲ. ಹೊಸಬನಾಗಿ ಬಂದವನಿಗೆ ಈ ಊರು ಕೊಡುವುದು ಇದೇ ಇರಬೇಕು. ಇಲ್ಲಿ ಒಳ್ಳೆಯ ಹುಡುಗ ಅನ್ನಿಸಿಕೊಂಡು ತಿರುಗಬಹುದು, ಹಳೆಯ ಲೆಕ್ಕ ಯಾರ ಬಳಿಯೂ ಇಲ್ಲ.

ಸರಿ, ಜಾಸ್ತಿ ಆಯ್ತು. ಓದಿ ಕಣ್ಣೀರು ಹಾಕುವವರು ಒಂದೇ ಹನಿ ಹಾಕಿ, ಎರಡನೆಯದಕ್ಕೆ ಐದು ನಿಮಿಷ ಬಿಡಿ.

ಡಿಸೆಂಬರಿನಲ್ಲಿ ಬಾ. ಕಂಬಳ ಇರುತ್ತದೆ, ರಾತ್ರಿ ಯಕ್ಷಗಾನದ ಆಟ ನೋಡಬಹುದು, ಬೆವರೂ ಕಮ್ಮಿ. ಮಂಡಕ್ಕಿಯನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತಾ, ಇಲ್ಲದಿದ್ದರೆ ಘಾಟಿ ಇಳಿಯುವಷ್ಟರಲ್ಲಿ ಮೆತ್ತಗಾಗುತ್ತದೆ. ಅವ್ವನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಾ. ಎಲ್ಲಿಗೆ ಅಂದರೆ ಉಡುಪಿ ಕೃಷ್ಣನ ದರ್ಶನಕ್ಕೆ ಅನ್ನು, ಸುಳ್ಳೇನೂ ಅಲ್ಲವಲ್ಲ. ಆಗುಂಬೆಯ 14 ತಿರುವಿನಲ್ಲಿ ಮಾತ್ರ ಸ್ಟೇರಿಂಗ್ ನಿನ್ನ ಹೆಂಡತಿಗೆ ಕೊಟ್ಟು ನೀನು ನಿಂಬೆಹಣ್ಣು ಹಿಡಿದುಕೊಂಡು ಕೂತ್ಕೋ, ನಿನ್ನ ಹೊಟ್ಟೆಯ ಯೋಗ್ಯತೆ ನನಗೆ ಗೊತ್ತು.